ಹೊಳೆ ಮೀನು ನಿಜಕ್ಕೂ ಯಾರ ಹೊಟ್ಟೆ ತುಂಬಿಸುತ್ತದೆ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಆಹಾರದ ಪಾಠಕ್ಕೆ ಹೊಳೆ, ಕೆರೆ ಮೀನಿನ ವಿಚಾರವನ್ನೂ ಸೇರಿಸೋಣ ಅಂತ ಅಂಕಿಅಂಶ ಹುಡುಕಿದೆ. ಜಗತ್ತಿನ ಒಟ್ಟು ಮೀನಿನಲ್ಲಿ ನದಿ-ಸರೋವರಗಳಿಂದ ಹಿಡಿದದ್ದು ನೂರಕ್ಕೆ ಆರು ಪಾಲು ಮಾತ್ರ ಎಂದಿತ್ತು. ನಮ್ಮ ಭಾವ ನೀರಾವರಿ ಎಂಜಿನಿಯರ್. ಅವರ ಹತ್ತಿರ ಈ ಮಾತು ತೆಗೆದರೆ ನಕ್ಕುಬಿಟ್ಟರು. "ಆರು ಪರ್ಸೆಂಟಿಗೆ ಇಷ್ಟು ತಲೆ ಕೆಡಿಸ್ಕೋಬೇಕಾ? ಅಣೆಕಟ್ಟು ಕಟ್ಟಿದರೆ ಹಿನ್ನೀರಿನಲ್ಲೇ ಮೀನು ಸಾಕಬಹುದು. ಮೀನು ಒಂದು ಸಲಕ್ಕೆ ಲಕ್ಷ ಮೊಟ್ಟೆ ಇಡುತ್ತೆ, ಖಾಲಿ ಆಗೋ ಮಾತೇ ಇಲ್ಲ" ಅಂದರು. ಇನ್ನೊಂದು ವಿಚಾರ. ನನ್ನ ತಂಗಿ ಈಗ ಬಸುರಿ. ಹೊಳೆ ಮೀನಿನಲ್ಲಿ ಪಾದರಸ ಇರುತ್ತೆ ಅಂತ ಯಾರೋ ಹೆದರಿಸಿದ್ದಾರೆ. ಅವಳು ಮೀನನ್ನೇ ಬಿಟ್ಟಿದ್ದಾಳೆ. ಸಿಹಿನೀರಿನ ಮೀನು ನಿಜಕ್ಕೂ ಜನರ ಹೊಟ್ಟೆ ತುಂಬಿಸುತ್ತಿದೆಯಾ, ಇಲ್ಲಾ ಹೊಳೆ ಮೇಲಿನ ಪ್ರೀತಿಗೆ ಸುಮ್ನೆ ಹೇಳುವ ಮಾತಾ? ನದಿ ಮೀನು ಹೋದರೆ ಸಾಕಿದ ಮೀನು ಆ ಜಾಗ ತುಂಬುತ್ತದಾ?

ಉತ್ತರ: ನಿಮ್ಮ ಭಾವನವರ ಮಾತನ್ನು ತಳ್ಳಿಹಾಕುವುದು ಸುಲಭ. ಆದರೆ ನಾನು ಹಾಗೆ ಮಾಡುವುದಿಲ್ಲ. ಅವರು ಹೇಳಿದ್ದರಲ್ಲಿ ಅರ್ಧ ಸರಿಯೇ ಇದೆ. ಉಳಿದ ಅರ್ಧದಲ್ಲಿ ಎಡವಿರುವುದು ಅವರೊಬ್ಬರೇ ಅಲ್ಲ. ಇಪ್ಪತ್ತೈದು ವರ್ಷ ಸಿಹಿನೀರಿನ ಮೀನಿನ ಲೆಕ್ಕ ಬರೆದ ನಾನೂ ಅಲ್ಲೇ ಎಡವಿದ್ದೆ.

ಮೊದಲು ಆ ಆರು ಪರ್ಸೆಂಟ್ ನೋಡೋಣ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಜಗತ್ತಿಗೆ ಸಿಕ್ಕ ಮೀನು, ಸಿಗಡಿ, ಚಿಪ್ಪುಜೀವಿ ಎಲ್ಲ ಸೇರಿ ಸುಮಾರು 18.5 ಕೋಟಿ ಟನ್. ಅದರಲ್ಲಿ ನದಿ, ಸರೋವರ, ಕೆರೆ, ಜೌಗುಗಳಿಂದ ಹಿಡಿದದ್ದು ಸುಮಾರು 1.13 ಕೋಟಿ ಟನ್. ಭಾಗಿಸಿದರೆ ಆರು ಪರ್ಸೆಂಟೇ ಬರುತ್ತದೆ. ನೀವು ಓದಿದ್ದು ಸುಳ್ಳಲ್ಲ. ಆದರೆ ಈ ಅಂಕಿ ಹುಟ್ಟುವುದು ಹೇಗೆ ಅಂತ ಗೊತ್ತಿದ್ದರೆ ಅದನ್ನು ಅಷ್ಟು ಸಲೀಸಾಗಿ ನಂಬುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಬೆಳಗಿನ ಜಾವ ದಡಕ್ಕೆ ಹೋಗಿ ಕೂರುತ್ತಿದ್ದೆ. ಕೈಯಲ್ಲಿ ತೂಕದ ತಕ್ಕಡಿ, ಒಂದು ರಿಜಿಸ್ಟರ್. ದೋಣಿ ಬರುತ್ತಿತ್ತು. ದೊಡ್ಡ ಮೀನುಗಳನ್ನು ಜಾತಿ ಪ್ರಕಾರ ಬೇರೆ ಮಾಡಿ ತೂಗುತ್ತಿದ್ದೆವು. ಬಲೆಯ ಮೂಲೆಯಲ್ಲಿ ಬೆರಳುದ್ದದ ಚಿಲ್ಲರೆ ಮೀನು ಉಳಿಯುತ್ತಿತ್ತು. ಮೀನುಗಾರನ ಹೆಂಡತಿ ಅದನ್ನು ಕೊಡವಿ ಬುಟ್ಟಿಗೆ ಹಾಕಿಕೊಂಡು ಆಚೆ ಕಡೆಯಿಂದ ಮನೆಗೆ ಹೋಗುತ್ತಿದ್ದಳು. ನನ್ನ ರಿಜಿಸ್ಟರಿನಲ್ಲಿ 'ಇತರೆ' ಅಂತ ಒಂದು ಕಾಲಂ ಇತ್ತು. ಹೆಚ್ಚಿನ ದಿನ ಅಲ್ಲಿ ಒಂದು ಅಡ್ಡಗೆರೆ ಎಳೆದುಬಿಡುತ್ತಿದ್ದೆ. ಆ ಬುಟ್ಟಿ ಅವತ್ತು ಒಂದು ಮನೆಯ ಎರಡು ಹೊತ್ತಿನ ಊಟ. ನನ್ನ ಲೆಕ್ಕದಲ್ಲಿ ಅದು ಸೊನ್ನೆ.

ನಾನು ಕೂತಿದ್ದ ದಡಕ್ಕೆ ಬಾರದ ಮೀನಿನ ಕಥೆ ಕೇಳಲೇಬೇಡಿ. ಗದ್ದೆಯ ಬದುವಿನಲ್ಲಿ ಕೂಳಿ ಇಟ್ಟು ಹಿಡಿದದ್ದು, ಮಕ್ಕಳು ಗಾಳ ಹಾಕಿ ಹಿಡಿದದ್ದು, ಕೆರೆ ಬತ್ತುವಾಗ ಹೆಂಗಸರು ಕೈಯಲ್ಲೇ ಬಾಚಿ ತಂದದ್ದು, ಇದನ್ನೆಲ್ಲ ಯಾವ ಸರ್ಕಾರ ತೂಗುತ್ತದೆ? ಸಮುದ್ರದಲ್ಲಾದರೆ ಬಂದರು ಇದೆ, ಹರಾಜಿದೆ, ರಸೀದಿ ಇದೆ. ಹೊಳೆಗೆ ಸಾವಿರಾರು ದಡ.

ಅದಕ್ಕೇ ಕೆಲವು ಸಂಶೋಧಕರು ಲೆಕ್ಕವನ್ನು ಉಲ್ಟಾ ಮಾಡಿದರು. ದಡಕ್ಕೆ ಹೋಗಿ 'ಎಷ್ಟು ಹಿಡಿದಿರಿ' ಎಂದು ಕೇಳಲಿಲ್ಲ. ಮನೆಗಳಲ್ಲಿ 'ಏನು ತಿಂದಿರಿ' ಎಂದು ಕೇಳಿದ ಸಮೀಕ್ಷೆಗಳನ್ನು ಒಟ್ಟು ಹಾಕಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನ 42 ದೇಶಗಳ ಸಮೀಕ್ಷೆಗಳನ್ನು ನೋಡಿತ್ತು. ಸರ್ಕಾರಿ ಲೆಕ್ಕಕ್ಕಿಂತ ಸಿಹಿನೀರಿನ ಮೀನು ಸುಮಾರು 65 ಪರ್ಸೆಂಟ್ ಜಾಸ್ತಿ ಹಿಡಿಯಲಾಗುತ್ತಿದೆ ಎಂದು ಕಂಡಿತು. ಅಂದರೆ ಪುಸ್ತಕದಲ್ಲಿ ಹತ್ತು ಕಿಲೋ ಅಂತಿದ್ದರೆ ತಟ್ಟೆಗೆ ಬಿದ್ದದ್ದು ಹದಿನಾರೂವರೆ ಕಿಲೋ.

ಇನ್ನೊಂದು ವ್ಯತ್ಯಾಸವೂ ಇದೆ. ಸಮುದ್ರದಲ್ಲಿ ಹಿಡಿದ ಮೀನಿನಲ್ಲಿ ದೊಡ್ಡದೊಂದು ಪಾಲು ಜನರ ಬಾಯಿಗೆ ಬರುವುದೇ ಇಲ್ಲ. ಅದು ಪುಡಿಯಾಗಿ, ಎಣ್ಣೆಯಾಗಿ ಕೋಳಿಗೆ, ಹಂದಿಗೆ, ಸಾಕಿದ ಮೀನಿಗೆ ಹೋಗುತ್ತದೆ. ನದಿ ಮೀನು ಹಾಗಲ್ಲ. ಹಿಡಿದದ್ದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಮನುಷ್ಯರೇ ತಿನ್ನುತ್ತಾರೆ. ಅದೂ ಹಿಡಿದ ಜಾಗದ ಹತ್ತಿರದಲ್ಲೇ. 2016ರ ಒಂದು ಲೆಕ್ಕದ ಪ್ರಕಾರ ಜಗತ್ತಿನ ಸಿಹಿನೀರಿನ ಮೀನುಗಾರಿಕೆ 15.8 ಕೋಟಿ ಜನರಿಗೆ ಬೇಕಾದ ಪ್ರಾಣಿಜನ್ಯ ಪ್ರೋಟೀನ್ ಪೂರ್ತಿಗೆ ಸಮ. ಈ ಜನರಲ್ಲಿ ಹೆಚ್ಚಿನವರು ಬಡ ದೇಶಗಳವರು. ನೂರಕ್ಕೆ ಆರು ಎನ್ನುವ ಸರಾಸರಿ ಇದನ್ನು ಮುಚ್ಚಿಬಿಡುತ್ತದೆ. ಊರಿನಲ್ಲಿ ನೂರಕ್ಕೆ ಆರು ಮನೆಗೆ ಮಾತ್ರ ಒಂದು ಬಾವಿಯ ನೀರು ಹೋಗುತ್ತದೆ ಅಂದುಕೊಳ್ಳಿ. ಆ ಆರು ಮನೆಯವರಿಗೆ ಬೇರೆ ಬಾವಿ ಇಲ್ಲ. ಈಗ ಆ ಬಾವಿ ಮುಚ್ಚಬಹುದಾ ಅಂತ ಕೇಳಿದರೆ ಏನು ಹೇಳುತ್ತೀರಿ?

ಇನ್ನು ಇಷ್ಟು ಮೀನು ಬರುವುದೆಲ್ಲಿಂದ ಎನ್ನುವುದು. ಭೂಮಿಯ ಮೇಲಿರುವ ಒಟ್ಟು ನೀರಿನಲ್ಲಿ ನದಿ, ಸರೋವರ, ಜೌಗುಗಳದ್ದು ಹತ್ತು ಸಾವಿರ ಲೀಟರಿಗೆ ಒಂದು ಲೀಟರಿನಷ್ಟು. ಆದರೆ ಮೀನಿನ ಜಾತಿಗಳಲ್ಲಿ ಅರ್ಧದಷ್ಟು, ಅಂದರೆ 18,000ಕ್ಕೂ ಜಾಸ್ತಿ, ಇಷ್ಟೇ ನೀರಿನಲ್ಲಿವೆ. ಇದರ ಗುಟ್ಟು ನೆರೆಯಲ್ಲಿದೆ. ಎಂಜಿನಿಯರುಗಳಿಗೆ ನೆರೆ ಅಂದರೆ ತೊಂದರೆ. ಮೀನಿಗೆ ಅದು ಹೆರಿಗೆ ಮನೆ.

ಕಾಂಬೋಡಿಯಾದಲ್ಲಿ ಟೋನ್ಲೆ ಸಾಪ್ ಎಂಬ ಸರೋವರವಿದೆ. ಬೇಸಿಗೆಯಲ್ಲಿ ಅದರ ನೀರು ಒಂದು ಹೊಳೆಯ ಮೂಲಕ ಮೆಕಾಂಗ್ ನದಿಗೆ ಹರಿದು ಹೋಗುತ್ತದೆ. ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿದಾಗ ಅದೇ ಹೊಳೆ ಹಿಂದಕ್ಕೆ ತಿರುಗಿ ಸರೋವರದ ಕಡೆಗೆ ಹರಿಯುತ್ತದೆ. ಹೌದು, ಹೊಳೆಯೇ ದಿಕ್ಕು ಬದಲಿಸುತ್ತದೆ. ಸುಮಾರು 2,500 ಚದರ ಕಿಲೋಮೀಟರ್ ಇದ್ದ ಸರೋವರ ಉಬ್ಬಿ ಉಬ್ಬಿ 15,000 ಚದರ ಕಿಲೋಮೀಟರ್ ತನಕ ಹರಡುತ್ತದೆ. ಕಾಡಿನೊಳಗೆ ನೀರು ನುಗ್ಗುತ್ತದೆ. ಎಲೆ, ಹುಲ್ಲು, ಸಗಣಿ, ಹುಳು ಎಲ್ಲ ನೀರಿಗೆ ಬೀಳುತ್ತವೆ. ಮೆಕಾಂಗಿನಲ್ಲಿ ಹುಟ್ಟಿದ ಮರಿಗಳು ಆ ನೀರಿನ ಜೊತೆ ತೇಲಿಬಂದು ಮುಳುಗಿದ ಮರಗಳ ನಡುವೆ ತಿಂದು ಬೆಳೆಯುತ್ತವೆ. ನೀರು ಇಳಿಯುವಾಗ ಕೊಬ್ಬಿದ ಮೀನುಗಳು ಗುಂಪುಗುಂಪಾಗಿ ಹೊಳೆಗೆ ಬರುತ್ತವೆ. ಜನ ಅಲ್ಲಿ ಬಲೆ ಹಿಡಿದು ಕಾಯುತ್ತಿರುತ್ತಾರೆ. ಮೆಕಾಂಗಿನ ಕೆಳಭಾಗದಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಟನ್ ಸಿಗುವುದು ಈ ಏರಿಳಿತದಿಂದ. ಇದಕ್ಕೆ ಯಾರೂ ಮೇವು ಹಾಕಿಲ್ಲ, ಮರಿ ಬಿತ್ತಿಲ್ಲ. ನೀರು ಹೊತ್ತಿಗೆ ಸರಿಯಾಗಿ ಏರಿ ಇಳಿದರೆ ಸಾಕು.

ಇದು ಗೊತ್ತಾದರೆ 'ಲಕ್ಷ ಮೊಟ್ಟೆ' ಮಾತಿನ ಗಂಟೂ ಬಿಚ್ಚುತ್ತದೆ. ಮೀನು ಲಕ್ಷ ಮೊಟ್ಟೆ ಇಡುವುದು ನಿಜ. ದೊಡ್ಡ ಜಾತಿಗಳಲ್ಲಿ ಹತ್ತು ಲಕ್ಷ ದಾಟುವುದೂ ಉಂಟು. ಆದರೆ ಅಷ್ಟು ಇಡುವುದೇ ಅದರಲ್ಲಿ ಬಹುಪಾಲು ಸಾಯುತ್ತವೆ ಅಂತ. ಮರಿ ಬದುಕಬೇಕಾದರೆ ಮೊಟ್ಟೆಗಿಂತ ಜಾಗ ಮುಖ್ಯ. ನೆರೆ ಬಾರದಂತೆ ಏರಿ ಹಾಕಿದರೆ, ಜೌಗನ್ನು ಮಣ್ಣು ತುಂಬಿ ಸೈಟು ಮಾಡಿದರೆ, ಹತ್ತು ಲಕ್ಷ ಮೊಟ್ಟೆಯೂ ಒಂದೇ, ಹತ್ತು ಮೊಟ್ಟೆಯೂ ಒಂದೇ. ಇನ್ನು ಕೆಲವು ಮೀನು ಮೊಟ್ಟೆ ಇಡಲು ಮೇಲ್ಭಾಗಕ್ಕೆ ಹತ್ತಬೇಕು. ದಾರಿಗೆ ಗೋಡೆ ಬಂದರೆ ಹೊಟ್ಟೆಯಲ್ಲಿ ಮೊಟ್ಟೆ ಇಟ್ಟುಕೊಂಡೇ ಗೋಡೆಯ ಬುಡದಲ್ಲಿ ಸುತ್ತುತ್ತಿರುತ್ತವೆ. ಹೀಗೆ ವಲಸೆ ಹೋಗುವ ಸಿಹಿನೀರಿನ ಮೀನುಗಳ ಮೇಲೆ ಕಣ್ಣಿಟ್ಟವರು 1970ರಿಂದ 2020ರ ನಡುವೆ ಅವುಗಳ ಸಂಖ್ಯೆಯಲ್ಲಿ ಸರಾಸರಿ 81 ಪರ್ಸೆಂಟ್ ಇಳಿಕೆ ಕಂಡಿದ್ದಾರೆ.

ಹಾಗಂತ ಬಲೆಯ ತಪ್ಪೇ ಇಲ್ಲ ಅನ್ನಲಾರೆ. ಇದೆ. ಜಾಸ್ತಿ ಹಿಡಿದಾಗ ಮೊದಲು ಹೋಗುವುದು ದೊಡ್ಡವು, ನಿಧಾನವಾಗಿ ಬೆಳೆಯುವಂಥವು. ಅವು ಹೋದ ಮೇಲೆ ಸಣ್ಣವು ಹೆಚ್ಚುತ್ತವೆ. ಒಟ್ಟು ತೂಕ ವರ್ಷಗಟ್ಟಲೆ ಇದ್ದಷ್ಟೇ ಇರಬಹುದು. ತೂಕ ನೋಡಿದವರಿಗೆ ಎಲ್ಲ ಸರಿ ಇದೆ ಅನ್ನಿಸುತ್ತದೆ. ಬುಟ್ಟಿಯೊಳಗೆ ಇಣುಕಿದವರಿಗೆ ಮಾತ್ರ ಬದಲಾವಣೆ ಗೊತ್ತಾಗುತ್ತದೆ.

ಈಗ ಚಿಲ್ಲರೆ ಮೀನಿನ ವಿಚಾರ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ ಅಂತ ನನಗೆ ಅನ್ನಿಸುತ್ತದೆ.

ಬಾಂಗ್ಲಾದೇಶದ ಕೊಳ, ಗದ್ದೆಗಳಲ್ಲಿ ಮೋಲಾ ಎಂಬ ಸಣ್ಣ ಮೀನಿದೆ. ಬೆರಳಿಗಿಂತ ಉದ್ದವಿಲ್ಲ. ಒಂದು ಕಾಲಕ್ಕೆ ಮೀನು ಕೃಷಿಯ ಪಾಠದಲ್ಲಿ ಇದಕ್ಕೆ 'ಕಳೆ ಮೀನು' ಎಂದು ಹೆಸರು. ಕೊಳಕ್ಕೆ ಗೆಂಡೆ ಮರಿ ಬಿಡುವ ಮೊದಲು ರೊಟೆನೋನ್ ಎಂಬ ವಿಷ ಹಾಕಿ ಇಂಥವನ್ನೆಲ್ಲ ಕೊಲ್ಲಿ ಎಂದು ರೈತರಿಗೆ ಹೇಳಿಕೊಡುತ್ತಿದ್ದರು. ನಾನೂ ಹಾಗೇ ಕಲಿತವನು, ಹಾಗೇ ಹೇಳಿಕೊಟ್ಟವನು. ಮಾರನೆ ದಿನ ಬೆಳಿಗ್ಗೆ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದ ಬೆಳ್ಳಗಿನ ಮೀನುಗಳನ್ನು ಬುಟ್ಟಿಗಟ್ಟಲೆ ಎತ್ತಿ ಗುಂಡಿಗೆ ಹಾಕಿಸಿದ ನೆನಪು ಇನ್ನೂ ಇದೆ.

ಆಮೇಲೆ ಶಕುಂತಲಾ ಹರಕ್‌ಸಿಂಗ್ ಥಿಲ್‌ಸ್ಟೆಡ್ ಎಂಬ ಪೌಷ್ಟಿಕಾಂಶ ವಿಜ್ಞಾನಿ ಮತ್ತು ಅವರ ಜೊತೆಗಾರರು ಆ ಮೀನನ್ನು ಪ್ರಯೋಗಾಲಯಕ್ಕೆ ಒಯ್ದರು. ನೂರು ಗ್ರಾಂ ಹಸಿ ಮೋಲಾದಲ್ಲಿ 2,500 ಮೈಕ್ರೋಗ್ರಾಂಗಿಂತ ಜಾಸ್ತಿ ಎ ಜೀವಸತ್ವ ಸಿಕ್ಕಿತು. ಅದರ ಜಾಗಕ್ಕೆ ತಂದ ಗೆಂಡೆಗಳಲ್ಲಿ ಅದು ನೂರು ಮೈಕ್ರೋಗ್ರಾಂ ಕೂಡ ಇಲ್ಲ. ಅದಕ್ಕಿಂತ ಸೋಜಿಗ ಎಂದರೆ ಆ ಜೀವಸತ್ವ ಇರುವ ಜಾಗ. ಬಹುಪಾಲು ಕಣ್ಣಿನಲ್ಲಿ ಮತ್ತು ಹೊಟ್ಟೆಯ ಭಾಗದಲ್ಲಿದೆ. ತಲೆ ಚಿವುಟಿ ಎಸೆದರೆ ಅರ್ಧ ಅಲ್ಲೇ ಹೋಯಿತು. ಇಡಿಯಾಗಿ ತಿಂದರೆ ಮುಳ್ಳಿನ ಸಮೇತ ಕ್ಯಾಲ್ಸಿಯಂ, ಜೊತೆಗೆ ಕಬ್ಬಿಣ, ಸತು, ಬಿ12. ಸಣ್ಣ ಮೀನಿನ ಮುಳ್ಳಿನ ಕ್ಯಾಲ್ಸಿಯಂ ಹಾಲಿನದ್ದರಷ್ಟೇ ಚೆನ್ನಾಗಿ ಮೈಗೆ ಹತ್ತುತ್ತದೆ ಎಂದು ಪರೀಕ್ಷೆಗಳಲ್ಲಿ ಕಂಡಿದೆ. ದೊಡ್ಡ ಮೀನಿನಲ್ಲಿ ನಾವು ತಿನ್ನುವುದು ಬರೀ ಮಾಂಸ. ಮುಳ್ಳು, ಕಣ್ಣು, ಈಲಿ ಎಲ್ಲ ಕಸಕ್ಕೆ. ಥಿಲ್‌ಸ್ಟೆಡ್ ಅವರಿಗೆ 2021ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ಆ ಸುದ್ದಿ ಓದಿದ ದಿನ ನನಗೆ ನನ್ನ ಗುಂಡಿ ನೆನಪಾಯಿತು.

ಇನ್ನೊಂದು ಸಣ್ಣ ವಿಷಯಕ್ಕೆ ದೊಡ್ಡ ಬೆಲೆ ಇದೆ. ದೊಡ್ಡ ಮೀನು ಮನೆಗೆ ಬಂದರೆ ಒಳ್ಳೆಯ ತುಂಡು ಯಾರ ತಟ್ಟೆಗೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಸಣ್ಣ ಮೀನನ್ನು ಸೌಟಿನಲ್ಲಿ ಬಡಿಸುತ್ತಾರೆ. ಹೆಂಗಸರಿಗೂ ಮಕ್ಕಳಿಗೂ ಪಾಲು ಬರುತ್ತದೆ.

ಹಾಗಾಗಿ ಸಾಕಿದ ಮೀನು ಆ ಜಾಗ ತುಂಬುತ್ತದಾ ಎಂದರೆ, ಏನನ್ನು ತುಂಬಬೇಕು ಅಂತ ಕೇಳಬೇಕಾಗುತ್ತದೆ. ಟನ್ನು ತುಂಬಬೇಕಾದರೆ ಆಗಲೇ ತುಂಬಿ ಚೆಲ್ಲಿದೆ. 2022ರಲ್ಲಿ ಸಾಕಣೆಯ ಉತ್ಪನ್ನ 9.4 ಕೋಟಿ ಟನ್ ದಾಟಿ, ಹಿಡಿದದ್ದನ್ನು ಮೊದಲ ಸಲ ಹಿಂದೆ ಹಾಕಿತು. ಅದರಲ್ಲಿ ಸುಮಾರು 5.9 ಕೋಟಿ ಟನ್ ಒಳನಾಡಿನದ್ದೇ, ಗೆಂಡೆ, ತಿಲಾಪಿಯಾ ಇಂಥವು. ಇದು ಸಣ್ಣ ಸಾಧನೆಯಲ್ಲ. ಪೇಟೆಯ ಮಧ್ಯಮ ವರ್ಗಕ್ಕೆ ಮೀನು ಕೈಗೆಟುಕುವಂತೆ ಮಾಡಿದ್ದು ಇದೇ. ನಾನು ಸಾಕಣೆಯ ವಿರೋಧಿಯಲ್ಲ. ನನ್ನ ಅರ್ಧ ಆಯುಷ್ಯ ಅದರಲ್ಲೇ ಕಳೆದಿದೆ.

ಆದರೆ ಸಾಕಲು ಕೊಳ ಬೇಕು, ಕೊಳಕ್ಕೆ ಜಮೀನು ಬೇಕು, ಮರಿಗೆ, ಮೇವಿಗೆ ಮುಂಚೆಯೇ ದುಡ್ಡು ಬೇಕು. ಇಷ್ಟು ಹಾಕಿದವನು ಮೀನನ್ನು ಮಾರಲೇಬೇಕು. ಕೊಳ್ಳುವವನಿಗೆ ದುಡ್ಡಿರಬೇಕು. ಹೊಳೆಯ ಮೀನಿಗೆ ಬೇಕಾದದ್ದು ಒಂದು ಬಲೆ, ಬೆಳಗಿನ ಎರಡು ಗಂಟೆ. ಜಮೀನಿಲ್ಲದವನ ಜಮೀನು ಅದು. ಬೆಳೆ ಕೈಕೊಟ್ಟ ವರ್ಷ, ಕೂಲಿ ಇಲ್ಲದ ತಿಂಗಳು, ಗಂಡ ತೀರಿಕೊಂಡ ಮನೆ, ಇಂಥ ಹೊತ್ತಿನಲ್ಲಿ ಹೊಳೆಗೆ ಹೋದವರು ಬರಿಗೈಯಲ್ಲಿ ಬರುವುದಿಲ್ಲ. ಒಬ್ಬರ ಮೀನು ಹೋಗಿ ಇನ್ನೊಬ್ಬರ ಕೊಳದಲ್ಲಿ ಅಷ್ಟೇ ತೂಕದ ಮೀನು ಬೆಳೆದರೆ ಲೆಕ್ಕ ಸರಿಹೋಗುತ್ತದೆ, ಊಟ ಸರಿಹೋಗುವುದಿಲ್ಲ.

ಪೂರ್ವ ಆಫ್ರಿಕಾದ ವಿಕ್ಟೋರಿಯಾ ಸರೋವರ ಇದಕ್ಕೆ ದೊಡ್ಡ ಪಾಠ. 1950ರ ದಶಕದಲ್ಲಿ ಅಲ್ಲಿಗೆ ನೈಲ್ ಪರ್ಚ್ ಎಂಬ ದೈತ್ಯ ಬೇಟೆ ಮೀನನ್ನು ತಂದು ಬಿಟ್ಟರು. ಮೊದಲು ಏನೂ ಕಾಣಲಿಲ್ಲ. 1980ರ ದಶಕದಲ್ಲಿ ಅದು ಸರೋವರವನ್ನೇ ಆವರಿಸಿತು. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಸಿಕ್ಲಿಡ್ ಎಂಬ ಮೀನಿನ ನೂರಾರು ಜಾತಿಗಳು ಮಾಯವಾದವು. ಮೀನಿನ ಒಟ್ಟು ತೂಕ ಮಾತ್ರ ಏರಿತು! ದಡದಲ್ಲಿ ಕಾರ್ಖಾನೆಗಳು ಬಂದವು, ಮಾಂಸದ ತುಂಡು ವಿಮಾನ ಹತ್ತಿ ದೂರದ ದೇಶಗಳಿಗೆ ಹೋಯಿತು. ಕಾರ್ಖಾನೆಯಿಂದ ಹೊರಬಿದ್ದ ತಲೆ, ಬೆನ್ನೆಲುಬನ್ನು ಸುತ್ತಲಿನ ಜನ ಕೊಂಡು ಕರಿದು ತಿಂದರು. ಕೆಲಸ ಸಿಕ್ಕಿತು, ವಿದೇಶಿ ಹಣ ಬಂತು, ಅದನ್ನು ಅಲ್ಲಗಳೆಯುವುದು ತಪ್ಪು. ಆದರೆ ಉತ್ಪಾದನೆಯ ಗೆರೆ ಮೇಲಕ್ಕೆ ಹೋದ ಮಾತ್ರಕ್ಕೆ ದಡದವರ ತಟ್ಟೆ ತುಂಬುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಈಗ ಆ ಸರೋವರದಲ್ಲಿ ತೂಕದಲ್ಲಿ ಮುಂದಿರುವುದು ಡಗಾ ಎಂಬ ಬೆಳ್ಳಿ ಬಣ್ಣದ ಪುಟ್ಟ ಮೀನು. ಬಿಸಿಲಿಗೆ ಒಣಗಿಸಿ ತಿನ್ನುವ ಬಡವರ ಮೀನು. ಅದರಲ್ಲೂ ಒಂದು ಪಾಲು ಕೋಳಿ ಮೇವಿಗೆ ಹೋಗುತ್ತಿದೆ.

ಇನ್ನು ಭಾವನವರ ಅಣೆಕಟ್ಟು. ಹಿನ್ನೀರಿನಲ್ಲಿ ಮೀನು ಆಗುತ್ತದೆ ಎಂಬ ಅವರ ಮಾತಿಗೆ ಒಳ್ಳೆಯ ಉದಾಹರಣೆಯನ್ನು ನಾನೇ ಕೊಡುತ್ತೇನೆ. ಜಾಂಬೆಜಿ ನದಿಗೆ 1950ರ ದಶಕದ ಕೊನೆಯಲ್ಲಿ ಕರೀಬಾ ಅಣೆಕಟ್ಟು ಕಟ್ಟಿದರು. ನದಿಯ ಮೀನುಗಳಿಗೆ ಆ ವಿಶಾಲವಾದ, ಆಳವಾದ ನಿಂತ ನೀರಿನ ನಡುಭಾಗ ಒಗ್ಗಲಿಲ್ಲ. 1967–68ರಲ್ಲಿ ಟ್ಯಾಂಗನಿಕಾ ಸರೋವರದಿಂದ ಕಪೆಂಟಾ ಎಂಬ ಸಣ್ಣ ಮೀನನ್ನು ತಂದು ಬಿಟ್ಟರು. ಅದು ಹಬ್ಬಿತು. ರಾತ್ರಿ ದೀಪ ತೋರಿಸಿ ಹಿಡಿಯುತ್ತಾರೆ. ಜಾಂಬಿಯಾ, ಜಿಂಬಾಬ್ವೆಗಳಲ್ಲಿ ಅದು ದಿನಬಳಕೆಯ ಆಹಾರ. ಹಿನ್ನೀರಿನಲ್ಲಿ ಇನ್ನೊಂದು ಚಾಳಿ ಇದೆ. ಮೊದಲ ಕೆಲವು ವರ್ಷ ಮುಳುಗಿದ ಗಿಡಮರ ಕೊಳೆತು ಗೊಬ್ಬರವಾಗಿ ಮೀನು ಭರ್ಜರಿಯಾಗಿ ಬರುತ್ತದೆ. ಫೋಟೋ ತೆಗೆಸಿಕೊಳ್ಳುವುದು ಆಗಲೇ. ಆಮೇಲೆ ಇಳಿಯುತ್ತದೆ.

ಆದರೆ ಹಿನ್ನೀರಿನ ಲಾಭವನ್ನು ಮಾತ್ರ ಬರೆದು, ಗೋಡೆಯ ಕೆಳಗಿನ ನಷ್ಟವನ್ನು ಬರೆಯದಿದ್ದರೆ ಅದು ಲೆಕ್ಕವಲ್ಲ. ಗಂಗೆಗೆ ಅಡ್ಡವಾಗಿ ಫರಕ್ಕಾ ಬ್ಯಾರೇಜು 1975ರಲ್ಲಿ ಶುರುವಾಯಿತು. ಅದಕ್ಕೂ ಮೊದಲು ಹಿಲ್ಸಾ ಮೀನು ಸಮುದ್ರದಿಂದ ಹತ್ತಿ ಅಲಹಾಬಾದಿನ ತನಕ, ಅದರಾಚೆಗೂ ಹೋಗುತ್ತಿತ್ತು. ಆಮೇಲೆ ಮೇಲಿನ ಭಾಗದಲ್ಲಿ ಹಿಲ್ಸಾ ಹೆಚ್ಚುಕಡಿಮೆ ನಿಂತೇಹೋಯಿತು. 'ಮೀನಿಗೆ ಏಣಿ ಕಟ್ಟಿದರಾಯಿತಲ್ಲ' ಎಂದು ನಿಮ್ಮ ಭಾವ ಕೇಳಬಹುದು. ಏಣಿ ಅಂದರೆ ಮೀನು ಗೋಡೆ ದಾಟಿ ಮೇಲೆ ಹೋಗಲು ಕಟ್ಟುವ ಮೆಟ್ಟಿಲು ಮೆಟ್ಟಿಲಾದ ನೀರಿನ ದಾರಿ. ಥಾಯ್ಲೆಂಡಿನ ಪಾಕ್ ಮುನ್ ಅಣೆಕಟ್ಟಿಗೆ 1990ರ ದಶಕದಲ್ಲಿ ಏಣಿ ಕಟ್ಟಿದರು. ಅಣೆಕಟ್ಟುಗಳ ವಿಶ್ವ ಆಯೋಗ 2000ರಲ್ಲಿ ಹೇಳಿದ್ದು: ಮೊದಲು ಆ ಕಣಿವೆಯಲ್ಲಿ ದಾಖಲಾಗಿದ್ದ 265 ಜಾತಿಗಳಲ್ಲಿ ಮೇಲ್ಭಾಗದಲ್ಲಿ ಉಳಿದು ಕಂಡದ್ದು 96. ಏಣಿಯ ನಕ್ಷೆ ಹುಟ್ಟಿದ್ದು ತಣ್ಣೀರಿನ ಸಾಲ್ಮನ್‌ಗಾಗಿ. ಸಾಲ್ಮನ್ ಜಿಗಿಯುತ್ತದೆ. ಉಷ್ಣವಲಯದ ನದಿಯಲ್ಲಿ ತಳಕ್ಕೆ ಅಂಟಿಕೊಂಡು ಹೋಗುವ ಮೀಸೆ ಮೀನಿದೆ, ಬೆರಳುದ್ದದ ಮೀನಿದೆ. ಒಂದೊಂದೂ ಒಂದೊಂದು ತಿಂಗಳಲ್ಲಿ ಹೊರಡುತ್ತದೆ. ಹೇಗೋ ಏಣಿ ಹತ್ತಿತು ಅನ್ನಿ. ಮೊಟ್ಟೆ ಇಟ್ಟ ಮೇಲೆ ಹುಟ್ಟಿದ ಕೂದಲಿನಷ್ಟು ತೆಳ್ಳನೆಯ ಮರಿ ಹರಿವಿನಲ್ಲಿ ತೇಲಿ ಕೆಳಗೆ ಬರಬೇಕು. ಹಿನ್ನೀರಿನಲ್ಲಿ ಹರಿವೇ ಇಲ್ಲ. ಮರಿ ತಳಕ್ಕೆ ಇಳಿದು ಸಾಯುತ್ತದೆ. ಏಣಿ ಹತ್ತುವುದಕ್ಕೆ ಮಾತ್ರ ಇದೆ, ಇಳಿಯುವುದಕ್ಕೆ ಇಲ್ಲ.

ಹಾಗಾದರೆ ಏನು ಮಾಡಬಹುದು? ಕಟ್ಟಲೇಬೇಕು ಅಂತಾದರೆ ಎಲ್ಲಿ ಕಟ್ಟುತ್ತೀರಿ ಎನ್ನುವುದೇ ಮೊದಲ ಪ್ರಶ್ನೆ. ಮುಖ್ಯ ನದಿಗೆ ಅಡ್ಡ ಹಾಕುವುದಕ್ಕಿಂತ ಆಗಲೇ ತುಂಡಾದ ಉಪನದಿಯಲ್ಲಿ ಕಟ್ಟುವುದು ವಾಸಿ. ಒಂದೆರಡು ಉಪನದಿಗಳನ್ನಾದರೂ ತಲೆಯಿಂದ ಬಾಲದವರೆಗೆ ತಡೆಯಿಲ್ಲದೆ ಬಿಡಬೇಕು. ಕಟ್ಟಿದ ಮೇಲೆ ಮೀನು ಹತ್ತುವ ತಿಂಗಳಲ್ಲಿ ಬಾಗಿಲು ತೆರೆಯಬಹುದು. ಪಾಕ್ ಮುನ್‌ನಲ್ಲಿ ಜನರ ಹೋರಾಟದ ಮೇಲೆ ವರ್ಷಕ್ಕೆ ನಾಲ್ಕು ತಿಂಗಳು ತೆರೆಯುವ ತೀರ್ಮಾನವಾಯಿತು. ಆದರೆ ಯಾವ ನಾಲ್ಕು ತಿಂಗಳು ಎನ್ನುವುದರಲ್ಲೇ ಎಲ್ಲ ಇದೆ. ತಡವಾಗಿ ತೆರೆದರೆ ಮೀನು ಬಂದು ಹಿಂದಿರುಗಿ ಆಗಿರುತ್ತದೆ. ಕರೆಂಟು ಆ ಹೊತ್ತಿನಲ್ಲಿ ಕಡಿಮೆಯಾಗುತ್ತದೆ, ಅದರ ಖರ್ಚು ಯಾರ ತಲೆ ಮೇಲೆ ಅಂತ ಮುಂಚೆಯೇ ಮಾತಾಡಿಕೊಳ್ಳಬೇಕು. ನೀರು ಮರಳಿದರೆ ಮೀನೂ ಮರಳುತ್ತದೆ ಎನ್ನುವುದಕ್ಕೆ ಅರಲ್ ಸಮುದ್ರದ ಉತ್ತರ ಭಾಗ ನೋಡಿ. ಹೆಸರು ಸಮುದ್ರ, ನಿಜದಲ್ಲಿ ಸರೋವರ. ಹತ್ತಿ ಬೆಳೆಗೆ ನದಿಗಳನ್ನು ತಿರುಗಿಸಿದ್ದರಿಂದ 1980ರ ದಶಕದ ಹೊತ್ತಿಗೆ ಅಲ್ಲಿ ಮೀನುಗಾರಿಕೆ ಸತ್ತಿತ್ತು. 2005ರಲ್ಲಿ ಕೋಕರಾಲ್ ಎಂಬಲ್ಲಿ ತಡೆಗೋಡೆ ಕಟ್ಟಿ ಉತ್ತರದ ಪಾಲಿನ ನೀರನ್ನು ಉಳಿಸಿಕೊಂಡರು. ಉಪ್ಪು ಇಳಿಯಿತು, ಮೀನು ಬಂತು, ದೋಣಿಗಳು ಮತ್ತೆ ನೀರಿಗಿಳಿದವು. ಒಂದು ಕಟ್ಟೆ ಮೀನನ್ನು ಉಳಿಸಿದ ಕಥೆ ಇದು, ಭಾವನವರಿಗೆ ಖುಷಿಯಾದೀತು.

ಸಾಕಣೆಯಲ್ಲೂ ದಾರಿ ಇದೆ. ಗೆಂಡೆಯ ಕೊಳದಲ್ಲೇ ಮೋಲಾ ಬಿಡುವುದನ್ನು ಬಾಂಗ್ಲಾದೇಶದಲ್ಲಿ ಮಾಡಿ ನೋಡಿದ್ದಾರೆ. ಗೆಂಡೆಯ ಇಳುವರಿಗೆ ದೊಡ್ಡ ಹೊಡೆತವಿಲ್ಲ. ದೊಡ್ಡದನ್ನು ಮಾರಬಹುದು, ಸಣ್ಣದನ್ನು ವಾರಕ್ಕೆರಡು ಸಲ ಎತ್ತಿ ಮನೆಗೆ ತಿನ್ನಬಹುದು. ತೊಡಕು ಎಂದರೆ ಕೊಳ ಗುತ್ತಿಗೆಗೆ ಹೋದರೆ ಗುತ್ತಿಗೆದಾರ ಮತ್ತೆ 'ಕಳೆ' ತೆಗೆಯಲು ಹೊರಡುತ್ತಾನೆ. ಇನ್ನೊಂದು ಅಪಾಯ ಪರದೇಶದ ಜಾತಿಗಳದ್ದು. ಕೊಳದಿಂದ ತಪ್ಪಿಸಿಕೊಂಡು ನದಿಗೆ ಸೇರಿದ ತಿಲಾಪಿಯಾವನ್ನು ವಾಪಸ್ ಕರೆಯಲು ಆಗುವುದಿಲ್ಲ.

ಹಿಡಿಯುವುದಕ್ಕೆ ಕಡಿವಾಣ ಹಾಕುವುದೂ ಒಂದು ದಾರಿ. ಮೇಲಿನಿಂದ ಬಂದ ನಿಷೇಧಗಳು ಹೆಚ್ಚಾಗಿ ಕಾಗದದಲ್ಲೇ ಉಳಿಯುತ್ತವೆ. ಅಮೆಜಾನಿನಲ್ಲಿ ಬೇರೆ ರೀತಿ ಮಾಡಿದರು. ಅಲ್ಲಿ ಅರಪೈಮಾ ಎಂಬ ಭಾರಿ ಮೀನಿದೆ, ನೂರಾರು ಕಿಲೋ ತೂಗುತ್ತದೆ. ಅದು ನೀರೊಳಗಿದ್ದರೂ ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ಮೇಲೆ ಬಂದು ಗಾಳಿ ಕುಡಿಯಲೇಬೇಕು. ಅನುಭವಿ ಮೀನುಗಾರರು ದೋಣಿಯಲ್ಲಿ ಸದ್ದಿಲ್ಲದೆ ಕೂತು, ಸದ್ದು, ನೀರಿನ ಸುಳಿ ನೋಡಿಯೇ ಎಣಿಸಿಬಿಡುತ್ತಾರೆ. ಆ ಎಣಿಕೆಯನ್ನು ವಿಜ್ಞಾನಿಗಳು ತಮ್ಮ ಲೆಕ್ಕದ ಜೊತೆ ಹೋಲಿಸಿ ನೋಡಿದರು, ಹತ್ತಿರಹತ್ತಿರ ಬಂತು. ಮಮಿರಾವಾ ಎಂಬ ಸಂರಕ್ಷಿತ ಪ್ರದೇಶದಲ್ಲಿ 1999ರಿಂದ ನಿಯಮ ಇದು: ಎಣಿಸಿದ ದೊಡ್ಡ ಮೀನಿನಲ್ಲಿ ನೂರಕ್ಕೆ ಮೂವತ್ತಕ್ಕಿಂತ ಜಾಸ್ತಿ ಹಿಡಿಯುವಂತಿಲ್ಲ. ಅಲ್ಲಿ ಮೀನಿನ ಸಂಖ್ಯೆ ಹಲವು ಪಟ್ಟು ಏರಿದೆ. ಆದರೆ ರಾತ್ರಿ ಕಾವಲು ಕಾಯುವ ಶ್ರಮ ಊರಿನವರದ್ದು, ಕಳ್ಳರ ಜೊತೆ ಜಗಳವೂ ಅವರದ್ದೇ. ಇದು ಬಿಟ್ಟಿ ಬರುವ ಯಶಸ್ಸಲ್ಲ.

ಕೊನೆಗೆ ನಿಮ್ಮ ತಂಗಿ. ಪಾದರಸದ ಹೆದರಿಕೆ ಸುಳ್ಳಲ್ಲ, ಆದರೆ ಮೀನನ್ನೇ ಬಿಡುವುದು ಅದಕ್ಕೆ ಮದ್ದಲ್ಲ. ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ಬೇಕಾದ ಕೊಬ್ಬಿನಂಶ, ಅಯೋಡಿನ್, ಬಿ12 ಮೀನಿನಲ್ಲಿದೆ. ಪಾದರಸ ಒಂದು ಮೀನಿನಿಂದ ಅದನ್ನು ತಿಂದ ಇನ್ನೊಂದಕ್ಕೆ ಸೇರುತ್ತಾ ಹೋಗುತ್ತದೆ. ಹಾಗಾಗಿ ಜಾಸ್ತಿ ಇರುವುದು ಬೇರೆ ಮೀನು ತಿಂದು ಬದುಕುವ, ವಯಸ್ಸಾದ, ದೊಡ್ಡ ಮೀನಿನಲ್ಲಿ. ಸಣ್ಣ ಮೀನಿನಲ್ಲಿ, ಪಾಚಿ-ಹುಳು ತಿನ್ನುವ ಗೆಂಡೆಯಂಥದ್ದರಲ್ಲಿ ಕಡಿಮೆ. ಬೇಯಿಸಿದರೆ, ಚರ್ಮ ತೆಗೆದರೆ ಪಾದರಸ ಹೋಗುವುದಿಲ್ಲ, ಅದು ಮಾಂಸದಲ್ಲೇ ಕೂತಿರುತ್ತದೆ. ಚಿನ್ನದ ಗಣಿಯ ಕೆಳಗಿನ ಹೊಳೆ, ಹೊಸದಾಗಿ ತುಂಬಿದ ಜಲಾಶಯ, ಇವುಗಳ ದೊಡ್ಡ ಮೀನು ಬೇಡ. ಮುಳುಗಿದ ಮಣ್ಣು, ಗಿಡ ಕೊಳೆಯುವಾಗ ಪಾದರಸ ಮೀನಿಗೆ ಸೇರುವ ರೂಪಕ್ಕೆ ತಿರುಗುತ್ತದೆ. ವರ್ಷಗಟ್ಟಲೆ ಇದು ನಡೆಯುತ್ತದೆ. ಹಿನ್ನೀರಿನ ಮೀನಿನ ಬಗ್ಗೆ ಭಾವನವರಿಗೆ ಇದನ್ನೂ ಹೇಳಿ.

ಪಾದರಸಕ್ಕಿಂತ ನನಗೆ ಹೆಚ್ಚು ಚಿಂತೆ ಬೇರೆ ಎರಡರದ್ದು. ಒಂದು, ಹಸಿ ಮತ್ತು ಅರೆಬೆಂದ ಸಿಹಿನೀರಿನ ಮೀನು. ಅದರಲ್ಲಿ ಪಿತ್ತಜನಕಾಂಗಕ್ಕೆ ಸೇರುವ ಚಪ್ಪಟೆ ಹುಳುವಿನ ಮರಿಗಳಿರಬಹುದು. ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿ ಪಿತ್ತನಾಳದ ಕ್ಯಾನ್ಸರ್ ಜಾಸ್ತಿ ಇರಲು ಇದೇ ಮುಖ್ಯ ಕಾರಣ. ನಿಂಬೆ ಹಿಂಡಿದರೆ ಹುಳು ಸಾಯುತ್ತದೆ ಎಂದು ನಂಬಬೇಡಿ. ಚೆನ್ನಾಗಿ ಬೇಯಬೇಕು, ಅಷ್ಟೇ. ಎರಡು, ಹಸಿರು ಬಣ್ಣ ಚೆಲ್ಲಿದಂತೆ ಪಾಚಿಗಟ್ಟಿದ ನೀರಿನ ಮೀನು. ಆ ಪಾಚಿಯ ವಿಷ ಮೀನಿನ ಕರುಳಿನಲ್ಲಿ ಸೇರುತ್ತದೆ, ಕುದಿಸಿದರೂ ಹೋಗುವುದಿಲ್ಲ. ಇಡಿಯಾಗಿ ತಿನ್ನಿ ಎಂದು ಮೇಲೆ ಹೇಳಿದ್ದು ಇಂಥ ನೀರಿನ ಮೀನಿಗೆ ಅನ್ವಯಿಸುವುದಿಲ್ಲ. ಚರಂಡಿ, ಕಾರ್ಖಾನೆಯ ನೀರು ಸೇರುವ ಕಡೆಯದ್ದೂ ಬೇಡ. ಒಳ್ಳೆಯ ನೀರಿನ ಸಣ್ಣ ಮೀನು, ಚೆನ್ನಾಗಿ ಬೇಯಿಸಿ, ವಾರಕ್ಕೆ ಎರಡು ಮೂರು ಸಲ ಧಾರಾಳವಾಗಿ ತಿನ್ನಬಹುದು. ಎಲ್ಲಿಯ ಮೀನು ಅಂತ ಗೊತ್ತಿಲ್ಲದಿದ್ದರೆ ವಾರಕ್ಕೆ ಒಂದೇ ಸಲ ಸಾಕು. ಅವಳನ್ನು ನೋಡುತ್ತಿರುವ ವೈದ್ಯರಿಗೂ ಒಂದು ಮಾತು ಹೇಳಲಿ.

ಪಾಠಕ್ಕೆ ಏನು ಮಾಡುವುದು ಅಂದರೆ, ಆ ಆರು ಪರ್ಸೆಂಟನ್ನು ಬೋರ್ಡಿನ ಮೇಲೆ ಧೈರ್ಯವಾಗಿ ಬರೆಯಿರಿ. ಅದು ಹೇಗೆ ಬಂತು ಅಂತ ಮಕ್ಕಳನ್ನೇ ಕೇಳಿ. ಆಮೇಲೆ ಅವರಿಂದಲೇ ಒಂದು ಸಣ್ಣ ಸಮೀಕ್ಷೆ ಮಾಡಿಸಿ. ಮೀನು ತಿನ್ನುವ ಹತ್ತು ಮನೆಗಳಲ್ಲಿ ಕಳೆದ ವಾರ ಯಾವ ಮೀನು ಬಂತು, ಕೊಂಡದ್ದಾ, ಹಿಡಿದದ್ದಾ, ಯಾರಾದರೂ ಕೊಟ್ಟದ್ದಾ ಅಂತ ಕೇಳಿ ಬರೆದುಕೊಂಡು ಬರಲಿ. ಯಾರು ಯಾರು ತಿಂದರು, ತಲೆ ಮತ್ತು ಮುಳ್ಳು ತಿಂದರೋ ಎಸೆದರೋ ಎನ್ನುವುದಕ್ಕೂ ಒಂದು ಕಾಲಂ ಇರಲಿ. 'ಇತರೆ' ಅಂತ ಮಾತ್ರ ಯಾವ ಕಾಲಮ್ಮೂ ಬೇಡ.